ನಡೆದು ಹೋದ ಪಾದ್ರಿಯ ಕನ್ನಡ

ಹೋದ ತಿಂಗಳು ಹಲ್ಲು ಕೀಳಿಸಿಕೊಳ್ಳಲು ಸಾಂಟಾ ಕ್ಲಾರಾಕ್ಕೆ ಹೋಗಿದ್ದೆ. ಸೂಜಿ ಚುಚ್ಚಿ, ಬಾಯಿ ಮರಗಟ್ಟಿಸಿ, ಹಲ್ಲು ಕಿತ್ತು, ಹತ್ತಿ ಇಟ್ಟು ಕಳಿಸಿದರು. ಹೊರಗೆ ಕುಳಿತಿದ್ದ ಹುಡುಗಿ ಯಾವುದೋ ಫಾರಂ ತುಂಬಲು ಹೆಸರು ಕೇಳಿದಳು. ‘ಶಾರದಾ’ ಎನ್ನಲು ಹೋದರೆ ನಾಲಿಗೆ ಹಲ್ಲಿನ ತನಕ ಬರಲೊಲ್ಲದು. ಬಾಯಿಂದ ಬಿದ್ದದ್ದು ‘ಶಾರಡಾ’. ನಗು ಬರಬೇಕಾದ ಹೊತ್ತು, ನಗು ಬರಲಿಲ್ಲ. ನನ್ನನ್ನು ಹಾಗೆ ಕರೆಯುತ್ತಿದ್ದವರು ಒಬ್ಬರಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದೆ, ಅವರ ಮನೆ ಇದ್ದದ್ದೂ ಅದೇ ಬೀದಿಯಲ್ಲಿ. ಕಾರಿನಲ್ಲಿ ಕುಳಿತು ನೋಡಿದೆ. ಏಪ್ರಿಕಾಟ್ ಮರಗಳಿದ್ದ ಕಡೆ ಮೂರು ಮಹಡಿಯ ಅಪಾರ್ಟ್‌ಮೆಂಟು ಎದ್ದಿದೆ. ಬೀದಿಯ ಹೆಸರೊಂದು ಹಾಗೇ ಉಳಿದಿದೆ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದ ಮಾತು ಇದು. ಇಲ್ಲಿ ಚಳಿಗಾಲವೇ ಮಳೆಗಾಲ. ನಮ್ಮೂರ ಮಳೆಯ ಹಾಗೆ ಅಬ್ಬರಿಸಿ ಮುಗಿಸುವುದಿಲ್ಲ, ಕೆಲಸವಿಲ್ಲದವರು ಮಾತಾಡಿದ ಹಾಗೆ ದಿನವಿಡೀ ಜಿನುಗುತ್ತದೆ. ನನ್ನವರು ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಮನೆಗೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಹಳಗನ್ನಡವನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತೇನೆಂದು ಬೀಗುತ್ತಿದ್ದವಳು ಇಲ್ಲಿ ಪೇಪರಿನಿಂದ ಗ್ರೋಸರಿ ಕೂಪನ್ನು ಕತ್ತರಿಸುತ್ತಾ ಕುಳಿತಿದ್ದೆ. ಬೀಗುವುದು ಮಾತ್ರ ಬಿಟ್ಟಿರಲಿಲ್ಲ. ಯಾರಾದರೂ ತಪ್ಪು ಕನ್ನಡ ಬರೆದರೆ ತಿದ್ದದೆ ಇರುವವಳೇ ಅಲ್ಲ. ಕನ್ನಡ ಕೂಟದ ಯುಗಾದಿಯ ಕರೆಯೋಲೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿ, ಎರಡು ಮನೆಯವರ ಸ್ನೇಹ ಕಳೆದುಕೊಂಡಿದ್ದೆ. ಆ ವರ್ಷ ಧಾರವಾಡದಿಂದ ನಮ್ಮ ಅತ್ತೆ ಬಂದು ಆರು ತಿಂಗಳು ನಮ್ಮ ಜೊತೆ ಇದ್ದರು. ಇಲ್ಲೇ ಹುಟ್ಟಿದ ಆರು ವರ್ಷದ ನನ್ನ ಮಗಳು ಮೀರಾಗೆ ಅಕ್ಷರ ಕಲಿಸುವ ಕೆಲಸ ಅವರದು. ಕಲಿಸುವುದು ಧಾರವಾಡದ ಕನ್ನಡವೋ ಮೈಸೂರಿನದೋ ಎಂಬ ಜಗಳ ನನ್ನದು.

ಎಲ್ ಕಮಿನೊ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ತರಲು ಹೋದಾಗ ಅದು ಕಣ್ಣಿಗೆ ಬಿತ್ತು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು, ಭರತನಾಟ್ಯದ ಕ್ಲಾಸು ಇವುಗಳ ನಡುವೆ ಒಂದು ಜೆರಾಕ್ಸ್ ಹಾಳೆ. ಮೇಲೆ ನಡುಗುವ ಕೈಬರಹದಲ್ಲಿ, ಇದನ್ನು ಯಾರಾದರೂ ಓದಬಲ್ಲಿರಾ ಎಂದು ಇಂಗ್ಲಿಷಿನಲ್ಲಿ ಬರೆದು ಫೋನ್ ನಂಬರು ಕೊಟ್ಟಿದ್ದರು. ಕೆಳಗೆ ಹಳೆಯ ಶಾಯಿಯ ಆರು ಸಾಲು, ಅಚ್ಚ ಕನ್ನಡ. ‘ಈ ಹೊತ್ತು ಮಳೆ. ಕುದುರೆ ಕುಂಟುತ್ತದೆ. ಬೋಧಿಸಿದೆನು. ಕೇಳಿದವರು ಇಬ್ಬರು, ಅದರಲ್ಲಿ ಒಬ್ಬನು ನಿದ್ದೆ ಮಾದಿದನು. ಇನ್ನೊಬ್ಬನ ಸಂಗಡ ಹಾದಿದೆನು.’ ಬೇಳೆಯ ಪೊಟ್ಟಣ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಅಂಗಡಿಯ ಗುಜರಾತಿ ಯಜಮಾನರು ಒಬ್ಬ ಅಮೆರಿಕನ್ ಮುದುಕಿ ಬಂದು ಅಂಟಿಸಿ ಹೋದರೆಂದರು. ನಾನಂತೂ ‘ಮಾದಿದನು’ವನ್ನು ಮಾಡಿದನು ಎಂದೂ ‘ಹಾದಿದೆನು’ವನ್ನು ಹಾಡಿದೆನು ಎಂದೂ ಮೇಡಂ ಬುದ್ಧಿಯಲ್ಲಿ ಅಲ್ಲೇ ತಿದ್ದಿಕೊಂಡು ಓದಿ, ಖುಷಿಪಟ್ಟೆ.

ಅವರ ಹೆಸರು ಮಿಸೆಸ್ ಹಾರ್ಲೋ. ಎಂಬತ್ತು ದಾಟಿದ ವಿಧವೆ, ಒಬ್ಬರೇ ಇದ್ದರು. ಬರೆದವರು ಅವರ ತಾಯಿಯ ತಂದೆ, ಜೋಸೈಯಾ ಎಂಬ ಮೆಥಡಿಸ್ಟ್ ಪಾದ್ರಿ. ಇಂಗ್ಲೆಂಡಿನಿಂದ ಮೊದಲು ನಮ್ಮ ಮೈಸೂರು ಸೀಮೆಗೆ ಬಂದು, ಗುಬ್ಬಿಯಲ್ಲಿ ಏಳು ವರ್ಷ ಇದ್ದು ಕನ್ನಡ ಕಲಿತವರು. ಹೆಂಡತಿ ಸಾರಾಗೆ ಜ್ವರ ಬಿಡದೆ ಹೋದಾಗ ಅಲ್ಲಿಂದ ಹೊರಟು, ಕಡೆಗೆ ಈ ಕ್ಯಾಲಿಫೋರ್ನಿಯಾದಲ್ಲಿ ಸುತ್ತು ಪಾದ್ರಿಯಾದರು. ಆಗ ಊರಿಗೊಂದು ಚರ್ಚು ಎಲ್ಲಿತ್ತು? ಒಬ್ಬ ಪಾದ್ರಿಗೆ ಇಪ್ಪತ್ತು ಹಳ್ಳಿ. ಜೀನಿಗೆ ಎರಡು ಚೀಲ ಕಟ್ಟಿಕೊಂಡು ಕುದುರೆ ಹತ್ತಿದರೆ ಕಣಿವೆ, ಬೆಟ್ಟ, ಮರ ಕಡಿಯುವವರ ಬಿಡಾರ, ಕೊಲ್ಲಿಯ ಆಚೆಯ ದಡ ಎಲ್ಲವನ್ನೂ ಸುತ್ತಿ ಮನೆಗೆ ಬರಲು ಆರು ವಾರ. ಕೊಟ್ಟಿಗೆಯಲ್ಲಿ ಪ್ರಾರ್ಥನೆ, ಓಕ್ ಮರದ ಕೆಳಗೆ ಮದುವೆ, ದಾರಿಯಲ್ಲಿ ಯಾರೋ ಸತ್ತಿದ್ದರೆ ಮಣ್ಣು. ಅಂಥವರು ಒಂದು ವರ್ಷ ಕುದುರೆಯನ್ನೇ ಬಿಟ್ಟು ಇಡೀ ಸುತ್ತನ್ನು ಕಾಲ್ನಡಿಗೆಯಲ್ಲಿ ಮಾಡಿದರಂತೆ. ಯಾಕೆಂದು ಯಾರಿಗೂ ಹೇಳಲಿಲ್ಲ. ದೀನರ ಹಾಗೆ ಇರಬೇಕೆಂದು ಮಾಡಿದ ವ್ರತ ಎಂದು ಮನೆಯವರೂ ಊರವರೂ ನಂಬಿದ್ದರು. ‘ನಡೆದ ಪಾದ್ರಿ’ ಎಂದೇ ಅವರಿಗೆ ಹೆಸರು.

ಮಿಸೆಸ್ ಹಾರ್ಲೋಗೆ ಬೇಕಾಗಿದ್ದದ್ದು ಒಂದು ವಾಕ್ಯ. ವಸಂತದಲ್ಲಿ ಅವರ ಚರ್ಚಿನ ಅಂಗಳದಲ್ಲಿ ಅಜ್ಜನ ಹೆಸರಿನ ಕಲ್ಲು ನಿಲ್ಲಿಸುವುದೆಂದು ಗೊತ್ತಾಗಿತ್ತು. ಎಂಟು ವರ್ಷ ಚರ್ಚಿನವರ ಬೆನ್ನು ಬಿದ್ದು ಒಪ್ಪಿಸಿದ್ದರಂತೆ. ಅಜ್ಜನ ದಿನಚರಿಯಲ್ಲಿ ಇಂಗ್ಲಿಷಿನ ನಡುನಡುವೆ ಬರುವ ಈ ಲಿಪಿ ಏನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಗುಟ್ಟಿನ ಪ್ರಾರ್ಥನೆ ಎಂದುಕೊಂಡಿದ್ದರು. ಪಾಲೋ ಆಲ್ಟೋದ ವಿಶ್ವವಿದ್ಯಾಲಯದಲ್ಲಿ ಯಾರೋ ಇದು ದಕ್ಷಿಣ ಭಾರತದ್ದು ಎಂದದ್ದಕ್ಕೆ ಅಂಗಡಿಯ ದಾರಿ ಹಿಡಿದಿದ್ದರು. ಆ ಪ್ರಾರ್ಥನೆಗಳಲ್ಲಿ ಒಂದು ಸಾಲನ್ನು ಕಲ್ಲಿನ ಮೇಲೆ ಕೆತ್ತಿಸಿ ಕಣ್ಣು ಮುಚ್ಚಬೇಕು, ಅವರ ಆಸೆ ಅಷ್ಟೇ. ಮೊದಲ ದಿನ ಅವರು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

“ನನಗೆ ಅಣ್ಣ ತಮ್ಮಂದಿರಿಲ್ಲ, ಮಕ್ಕಳಿಲ್ಲ. ಶಾರಡಾ, ನನಗೆ ಇರುವುದು ಅಜ್ಜ ಒಬ್ಬರು.”

ಮಂಗಳವಾರ ಬೆಳಗ್ಗೆ ಮೀರಾಳನ್ನು ಕಿಂಡರ್‌ಗಾರ್ಟನ್ನಿಗೆ ಬಿಟ್ಟು ಅವರ ಮನೆಗೆ ಹೋಗತೊಡಗಿದೆ. ಅಡುಗೆಮನೆಯ ಮೇಜಿನ ಮುಂದೆ ನಾನು ಓದಿ ಇಂಗ್ಲಿಷಿಗೆ ಹೇಳುವುದು, ಅವರು ಬರೆದುಕೊಳ್ಳುವುದು. ಅವರ ಟೀ ಬಿಸಿನೀರಿಗೆ ಬಣ್ಣ ಕಟ್ಟಿದಂತಿರುತ್ತಿತ್ತು. ಅವರೇ ಒಣಗಿಸಿದ ಏಪ್ರಿಕಾಟ್ ಮಾತ್ರ ಬಾಯಲ್ಲಿಟ್ಟರೆ ಬಿಡಲು ಮನಸ್ಸಾಗುತ್ತಿರಲಿಲ್ಲ. ಬಹಳ ಬೇಗ ಒಂದು ವಿಷಯ ಗೊತ್ತಾಯಿತು. ಕನ್ನಡದಲ್ಲಿ ಪ್ರಾರ್ಥನೆ ಬಹಳ ಕಡಿಮೆ ಇತ್ತು. ಇಂಗ್ಲಿಷಿನಲ್ಲಿ ಬರೆಯಲಾಗದ್ದನ್ನೆಲ್ಲ ಪಾದ್ರಿಗಳು ಕನ್ನಡದಲ್ಲಿ ಕಾರಿಕೊಂಡಿದ್ದರು. ತಿನ್ನಲು ಹಂದಿಮಾಂಸ ಬಿಟ್ಟು ಬೇರೆ ಗತಿಯಿಲ್ಲ, ಗುಬ್ಬಿಯ ಸೌತೆಕಾಯಿ ನೆನಪಾಗುತ್ತದೆ, ಮೂಲವ್ಯಾಧಿಯಿಂದ ಜೀನಿನ ಮೇಲೆ ಕೂರಲಾಗುವುದಿಲ್ಲ. ತಮ್ಮ ಮೇಲಿನ ಹಿರಿಯ ಪಾದ್ರಿಯನ್ನು ಒಂದು ಪುಟದಲ್ಲಿ ಕತ್ತೆ ಎಂದಿದ್ದರು, ಇನ್ನೊಂದರಲ್ಲಿ ಮುದಿ ಕತ್ತೆ. ಮಿಸೆಸ್ ಹಾರ್ಲೋ ಅದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೋಡೆಯ ಮೇಲಿನ ಪಟದಲ್ಲಿ ಗಡ್ಡ ಬಿಟ್ಟು ಗಂಭೀರವಾಗಿ ಕುಳಿತಿದ್ದ ಅಜ್ಜ ಆ ಕೆಲವು ವಾರಗಳಲ್ಲಿ ನಮ್ಮಿಬ್ಬರಿಗೂ ಮನೆಯ ಮನುಷ್ಯನಾದ. ಕಾಗುಣಿತ ಬಹಳ ಕೆಟ್ಟದಾಗಿತ್ತು ನಿಜ. ಕಾಡಿಗೆ ‘ಕಾದು’, ನೋಡಿದೆನು ಎನ್ನಲು ‘ನೋದಿದೆನು’. ನಾನು ತಿದ್ದಿಕೊಂಡು ಓದುತ್ತಾ ಹೋದೆ.

ಜನವರಿಯ ಒಂದು ಮಂಗಳವಾರ, ಅವರು ನಡೆಯಲು ಶುರುಮಾಡಿದ ವರ್ಷಕ್ಕೆ ಬಂದೆವು. ಇಂಗ್ಲಿಷಿನಲ್ಲಿ ಆ ದಿನದ ಕೆಳಗೆ ಎರಡೇ ಮಾತು, ಮಳೆ, ನಡೆದೆ ಎಂದು. ಅದರ ಕೆಳಗೆ ಕನ್ನಡ. ಮಿಸೆಸ್ ಹಾರ್ಲೋ ಪೆನ್ಸಿಲು ಚೂಪು ಮಾಡಿಕೊಂಡು ಕುಳಿತರು. ವ್ರತದ ಗುಟ್ಟು ಇಲ್ಲೇ ಇರಬೇಕು, ಕಲ್ಲಿಗೆ ಬೇಕಾದ ವಾಕ್ಯ ಸಿಕ್ಕೀತು ಎಂಬ ಆಸೆ ಇಬ್ಬರಿಗೂ. ನಾನು ಓದಿದೆ. ‘ಈ ದಿವಸ ಕೂಸನ್ನು ಕೊಂದೆನು. ಕರ್ತನೇ, ನನ್ನ ಪಾಪವನ್ನು ಕ್ಷಮಿಸು. ಕುದುರೆ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಬರೆಯಲಾರೆನು.’

ಓದಿದ್ದನ್ನೇ ಮತ್ತೆ ಓದಿದೆ, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಅಲ್ಲಿ ಇದ್ದದ್ದು ಅದೇ. ಸಾರಾಗೆ ಹುಟ್ಟಿದ ಮೊದಲ ಮಗು ಬದುಕಲಿಲ್ಲವೆಂದು ಮಿಸೆಸ್ ಹಾರ್ಲೋ ಹಿಂದೆಯೇ ಹೇಳಿದ್ದರು. ಅದೂ ತಲೆಯಲ್ಲಿ ಬಂದು ಇದರ ಜೊತೆ ಕೂತುಬಿಟ್ಟಿತು. ಬುದ್ಧಿ ಇದ್ದವರು ಯಾರೇ ಆಗಿದ್ದರೂ ಶಾಯಿ ಅಳಿಸಿದೆ, ಮುಂದಿನ ವಾರ ನೋಡೋಣ ಎನ್ನುತ್ತಿದ್ದರು. ನಾನು ಎಂ.ಎ. ಅಲ್ಲವೇ? ಅವರು ಏನು ಬರೆದಿದೆ ಎಂದಾಗ, ಮಗುವನ್ನು ಕೊಂದೆ ಎಂದು ಬರೆದಿದ್ದಾರೆ ಎಂದುಬಿಟ್ಟೆ.

ಮಿಸೆಸ್ ಹಾರ್ಲೋ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಮುಖದಲ್ಲಿ ಏನೂ ಕಾಣಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಆ ಪದಕ್ಕೆ ಬೇರೆ ಅರ್ಥ ಇರಬಹುದಾ?”

“ಇಲ್ಲ ಮಿಸೆಸ್ ಹಾರ್ಲೋ. ಕನ್ನಡದಲ್ಲಿ ಇದಕ್ಕೆ ಇರೋದು ಒಂದೇ ಅರ್ಥ.”

ಆ ಮಾತನ್ನು ಆಡಿದ ನನ್ನ ದನಿ ನನಗೆ ಇವತ್ತಿಗೂ ಕೇಳುತ್ತದೆ, ಅದರಲ್ಲಿದ್ದ ಪಂಡಿತೆಯ ಠೀವಿಯೂ ಕೇಳುತ್ತದೆ. ಎಂಬತ್ತು ದಾಟಿದ ಮುದುಕಿಗೆ ಇದ್ದ ಒಬ್ಬ ಮನುಷ್ಯನನ್ನು ಅರೆನಿಮಿಷದಲ್ಲಿ ಕೊಲೆಗಾರನನ್ನಾಗಿ ಮಾಡಿದೆ. ಅವರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಿ, ಇವತ್ತಿಗೆ ಸಾಕು, ನೀವಿನ್ನು ಮನೆಗೆ ಹೋಗಿ ಎಂದರು. ಬಾಗಿಲ ತನಕ ಬಂದು ಕೊಡೆ ಕೊಡುವುದನ್ನು ಮಾತ್ರ ಮರೆಯಲಿಲ್ಲ.

ಮುಂದಿನ ಮಂಗಳವಾರ ಹೋದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಅಷ್ಟರ ಸಂದಿಯಲ್ಲೇ ಗೋಡೆಯ ಪಟ ಇಳಿಸಿದ್ದು ಕಂಡಿತು, ಪಟವಿದ್ದ ಕಡೆ ಗೋಡೆ ಬೆಳ್ಳಗಿತ್ತು. ಚರ್ಚಿನವರಿಗೆ ಫೋನ್ ಮಾಡಿ ಕಲ್ಲು ಬೇಡ ಎಂದಿದ್ದರು. ಕಾರಣ ಹೇಳಿರಲಿಲ್ಲ. ಆ ಕಲ್ಲು ಇಂದಿಗೂ ನಿಂತಿಲ್ಲ. ಮುಂದೆಯೂ ಅವರೇ ಬೇಡವೆಂದರು, ಆದರೆ ಬೇರೆಯ ಕಾರಣಕ್ಕೆ. ಅಂದು ಬಾಗಿಲಲ್ಲಿ ನಿಂತು, ಪುಸ್ತಕವನ್ನು ಬೆಂಕಿಗೆ ಹಾಕುವುದೆಂದು ಇದ್ದೇನೆ, ನೀವು ಇನ್ನು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಸಮಾಧಾನವಾಗಿಯೇ ಹೇಳಿದರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ನನ್ನವರು, ಓದೋಕೆ ಬರ್ತಿಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಎಂದರು. ಅತ್ತೆ ಮೂರನೆಯ ದಿನ ರೊಟ್ಟಿ ತಟ್ಟುತ್ತಾ, ತಿರುಗಿ ನೋಡದೆ ಹೇಳಿದರು.

“ಓದೂದು ಬ್ಯಾರೆ, ಹೇಳೂದು ಬ್ಯಾರೆ. ಎಂಬತ್ತು ವರ್ಷದ ಮುದುಕಿ ಮುಂದ ಅಷ್ಟ್ ಲಗೂನ ಯಾಕ ಹೇಳಿದಿ ನೀ? ಮುಂದಿನ ಹಾಳಿನಾಗ ಏನೈತಿ ಅಂತರ ನೋಡಬೇಕಿತ್ತು.”

ನಾನು ಮುಂದಿನ ಹಾಳೆ ತಿರುಗಿಸಿಯೇ ಇರಲಿಲ್ಲ. ಅದನ್ನು ಅತ್ತೆ ಹೇಳುವ ತನಕ ನನಗೆ ಹೊಳೆದೂ ಇರಲಿಲ್ಲ. ಒಂದು ಮಾತು ಓದಿ ಬೆಚ್ಚಿಬಿದ್ದು, ಆ ಬೆಚ್ಚಿದ್ದನ್ನೇ ತೀರ್ಪು ಅಂತ ಓದಿ ಬಂದಿದ್ದೆ. ಈಗ ಪುಸ್ತಕ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಅದು ಬೂದಿಯಾಗಿದ್ದರೂ ಆಗಿರಬಹುದು. ಹೀಗೆ ಮೂರು ವಾರ ಕಳೆಯಿತು, ಮಳೆ ನಿಲ್ಲಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ನಗಲು ಶುರುಮಾಡಿದರು. ಅವರು ಜೋರಾಗಿ ನಗುವವರಲ್ಲ. ಹೋಗಿ ನೋಡಿದರೆ ಮೀರಾಳ ಕಾಪಿ ಪುಸ್ತಕ ಕೈಯಲ್ಲಿ ಹಿಡಿದು ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಹಿಂದಿನ ದಿನ ಅಂಗಡಿಯಲ್ಲಿ ಮೊಮ್ಮಗಳಿಗೆ ಗೊಂಬೆ ಕೊಡಿಸಿದ್ದರು. ಅದರ ಮೇಲೆ ಒಂದು ವಾಕ್ಯ ಬರೆ ಎಂದರೆ ಈ ಪುಣ್ಯಾತ್ಗಿತ್ತಿ ದಪ್ಪ ಪೆನ್ಸಿಲಿನಲ್ಲಿ ಬರೆದಿದ್ದಳು: ‘ಅಜ್ಜಿ ಗೊಂಬೆ ಕೊಂದಳು.’

“ನೋಡಿಲ್ಲೆ, ನಾ ಗೊಂಬಿ ಕೊಂದೆನಂತ. ಹ್ವಾದ ವಾರ ಎಲ್ಲಾಕೂ ಡ ಹಾಕತಿದ್ಲು, ಬಂದೆ ಅನ್ನಾಕ ಬಂಡೆ ಅಂತ ಬರದಿದ್ಲು. ಬೈದೆ. ಈಗ ಎಲ್ಲಾಕೂ ದ ಹಾಕ್ಯಾಳ.”

ಮೀರಾಗೆ ಅವಮಾನವಾಗಿ ತುಟಿ ಉಬ್ಬಿತ್ತು. ಬಟ್ ದೇ ಸೌಂಡ್ ದ ಸೇಮ್, ಅಮ್ಮಾ, ಎಂದಳು. ನನಗೆ ಪಾದ್ರಿಯ ಪುಟಗಳು ನೆನಪಾದವು. ಮಾದಿದನು. ಹಾದಿದೆನು. ಕಾದು. ನೋದಿದೆನು. ಗುಬ್ಬಿಯಲ್ಲಿ ಕನ್ನಡ ಕಲಿಸಿದ ಯಾವನೋ ಮುನ್ಷಿ ಆ ಇಂಗ್ಲಿಷ್ ಪಾದ್ರಿಗೂ ಎಲ್ಲದಕ್ಕೂ ಡ ಹಾಕಬೇಡ ಎಂದು ಬೈದಿರಬೇಕು. ಪಾದ್ರಿ ಅಂದಿನಿಂದ ಸಾಯುವ ತನಕ ಎಲ್ಲದಕ್ಕೂ ದ ಹಾಕಿದ್ದರು. ಅರ್ಥವಿಲ್ಲದ ಪದ ಬಂದಾಗಲೆಲ್ಲ ನಾನು ತಿದ್ದಿಕೊಂಡೆ. ಈ ಒಂದು ಪದ ತಪ್ಪಾಗಿದ್ದೂ ಅರ್ಥ ಕೊಟ್ಟಿತ್ತು. ಅದಕ್ಕೇ ತಿದ್ದಲಿಲ್ಲ. ಅವರು ಕೂಸನ್ನು ಕೊಂದಿರಲಿಲ್ಲ, ಕೊಂಡಿದ್ದರು.

ಕೊಂಡರು ಎಂದರೆ ತೆಗೆದುಕೊಂಡರು. ಯಾವುದೋ ತಬ್ಬಲಿಯನ್ನು ಮಡಿಲಿಗೆ ತೆಗೆದುಕೊಂಡ ದೇವರಂಥ ಮನುಷ್ಯ. ಮಗಳ ಗೊಂಬೆ ಅಂಗಡಿಯಿಂದ ಬಂದದ್ದು ಕಣ್ಣೆದುರಿಗೇ ಇದ್ದರೂ ನನ್ನ ತಲೆಗೆ ಬೇರೆ ಅರ್ಥ ಹೊಳೆಯಲಿಲ್ಲ, ಅಷ್ಟು ಸಂತೋಷ. ಚಪ್ಪಲಿಯಲ್ಲೇ ಮಳೆಗೆ ಬಿದ್ದು, ಫ್ರೀವೇಯಲ್ಲಿ ಹೇಗೆ ಕಾರು ಓಡಿಸಿದೆನೋ, ಅವರ ಬಾಗಿಲು ತಟ್ಟಿದೆ. ತೆರೆದ ಕೂಡಲೇ, ನಾನು ತಪ್ಪು ಓದಿದೆ, ನಿಮ್ಮ ಅಜ್ಜ ಯಾರನ್ನೂ ಕೊಲ್ಲಲಿಲ್ಲ ಎಂದೆ. ಅಷ್ಟು ಹೇಳಿ ಅಳು ಬಂತು. ಮಿಸೆಸ್ ಹಾರ್ಲೋ ನನ್ನನ್ನು ಒಳಗೆ ಎಳೆದುಕೊಂಡು ಕುರ್ಚಿಯಲ್ಲಿ ಕೂರಿಸಿದರು. ಪುಸ್ತಕ ಬೆಂಕಿಗೆ ಹೋಗಿರಲಿಲ್ಲ. ದಿನಾ ಬೆಳಗ್ಗೆ ಅಗ್ಗಿಷ್ಟಿಕೆಯ ಪಕ್ಕ ಇಡುವುದು, ಸಂಜೆ ಎತ್ತಿ ಕಪಾಟಿನಲ್ಲಿಡುವುದು, ಹೀಗೇ ಮೂರು ವಾರ ಮಾಡಿದ್ದರಂತೆ.

ನಾಲಿಗೆಯನ್ನು ಹಲ್ಲಿಗೆ ತಾಗಿಸಿ ದ ಎಂದು ತೋರಿಸಿದೆ, ಅಂಗುಳಕ್ಕೆ ತಾಗಿಸಿ ಡ ಎಂದು ತೋರಿಸಿದೆ. ಅವರು ನನ್ನ ಬಾಯನ್ನೇ ನೋಡುತ್ತಾ ಹೇಳಲು ಹೋದರು, ಎರಡೂ ಒಂದೇ ಥರ ಬಂತು. ನನಗೆ ವ್ಯತ್ಯಾಸವೇ ಕೇಳಿಸುವುದಿಲ್ಲ ಎಂದರು. ನಿಮ್ಮ ಅಜ್ಜನಿಗೂ ಕೇಳಿಸುತ್ತಿರಲಿಲ್ಲ ಎಂದೆ. ಮಿಸೆಸ್ ಹಾರ್ಲೋ ಎದ್ದು, ಪಟವನ್ನು ಮಂಚದ ಕೆಳಗಿನಿಂದ ತೆಗೆದು, ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಿನಿಂದ ಧೂಳು ಒರೆಸಿ, ಗೋಡೆಗೆ ಹಾಕಿದರು. ಈಗ ಮುಂದಿನ ಹಾಳೆ ಓದಿ, ಯಾರ ಕೂಸು ಎಂದು ಬರೆದಿರುತ್ತಾರೆ ಎಂದು ಎದುರು ಕುಳಿತರು. ಹುಡುಗಿಯ ಹಾಗೆ ಮುಖ ಕೆಂಪಾಗಿತ್ತು.

ಹಾಳೆ ತಿರುಗಿಸಿದೆ. ಮುಂದಿನದನ್ನು ನಾನು ತಿದ್ದಿಯೇ ಬರೆಯುತ್ತೇನೆ. ‘ಉತ್ತರದ ಬೆಟ್ಟಗಳಿಂದ ಒಬ್ಬನು ಗಾಡಿಯಲ್ಲಿ ಈ ಸೀಮೆಯ ಕಾಡುಜನರ ಮಕ್ಕಳನ್ನು ತುಂಬಿಕೊಂಡು ಬಂದಿದ್ದನು, ಮಾರುವುದಕ್ಕೆ. ತಾಯಂದಿರು ಎಲ್ಲಿ ಎಂದು ಕೇಳಿದೆನು. ನಕ್ಕನು. ಕುದುರೆಯನ್ನು ಕೊಟ್ಟು ಕೂಸನ್ನು ಕೊಂಡೆನು. ಮನುಷ್ಯರನ್ನು ಕೊಳ್ಳಬಾರದು, ಮಾರಬಾರದು ಎಂದು ಊರೂರಿಗೆ ಬೋಧಿಸುವ ನಾನು ಕೊಂಡೆನು.’

ನಾನು ಓದುವುದನ್ನು ನಿಲ್ಲಿಸಿದೆ. ಈ ನೆಲದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಹೀಗೆ ಗಾಡಿಯಲ್ಲಿ ಮಾರುತ್ತಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ದಿನಾ ಮಗಳನ್ನು ಸ್ಕೂಲಿಗೆ ಬಿಡುವ, ತರಕಾರಿ ತರುವ, ಬಿಸಿಲು ಚೆನ್ನಾಗಿದೆ ಎಂದು ಊರಿಗೆ ಕಾಗದ ಬರೆಯುವ ಇದೇ ಕಣಿವೆಯಲ್ಲಿ! ಮಿಸೆಸ್ ಹಾರ್ಲೋ ನನ್ನ ಮುಖ ನೋಡಿ, ಈ ಸಲ ಎಲ್ಲ ಓದಿ ಮುಗಿಸಿ ಆಮೇಲೆ ಹೇಳಿ ಎಂದರು. ನನ್ನ ಅತ್ತೆ ಹೇಳಿದ್ದನ್ನೇ ಅವರೂ ಹೇಳಿದರು. ಮನಸ್ಸಿನಲ್ಲೇ ಓದಿದೆ. ಕೂಸನ್ನು ಅಂಗಿಯೊಳಗೆ ಕಟ್ಟಿಕೊಂಡು ಎರಡು ದಿನ ನಡೆದದ್ದು. ದಾರಿಯಲ್ಲಿ ಮೆಕ್ಸಿಕನ್ ಹೆಂಗಸೊಬ್ಬಳು ಮೇಕೆಯ ಹಾಲು ಕುಡಿಸಿದ್ದು. ಸಾರಾಳ ಮಡಿಲಿಗೆ ಹಾಕಿದಾಗ ಅವಳು ಯಾರದೆಂದು ಕೇಳದೆ ಕುಪ್ಪಸ ಬಿಚ್ಚಿದ್ದು. ನಮ್ಮದೇ ಎಂದು ಎಲ್ಲರಿಗೂ ಹೇಳುವುದೆಂದು ಗಂಡಹೆಂಡಿರು ಮಾತಾಡಿಕೊಂಡದ್ದು. ರೂತ್ ಎಂದು ಹೆಸರಿಟ್ಟದ್ದು.

ಒಂದೊಂದಾಗಿ ಹೇಳಿದೆ. ಗಾಡಿ ಎಂದಾಗ ಅವರು ಮೇಜಿನ ಅಂಚು ಹಿಡಿದರು. ಕಡೆಗೆ ಹೆಸರು ಹೇಳಿದೆ.

“ರೂತ್ ನನ್ನ ತಾಯಿ,” ಎಂದರು ಮಿಸೆಸ್ ಹಾರ್ಲೋ.

ಗೊತ್ತು ಎಂದು ತಲೆಯಾಡಿಸಿದೆ. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. ತಾಯಿಯ ಕೂದಲು ಕಡುಕಪ್ಪು, ನೇರ. ವೇಲ್ಸ್ ಕಡೆಯ ರಕ್ತ ಎಂದು ಅಜ್ಜಿ ಸಾರಾ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಬೇಸಿಗೆಯಲ್ಲಿ ಮಗಳನ್ನು ಟೋಪಿಯಿಲ್ಲದೆ ಹೊರಗೆ ಬಿಡುತ್ತಲೇ ಇರಲಿಲ್ಲವಂತೆ, ತಾಯಿಯೂ ಅದೇ ಅಭ್ಯಾಸದಲ್ಲಿ ಸಾಯುವ ತನಕ ಬಿಸಿಲಿಗೆ ಮುಖ ಒಡ್ಡಲಿಲ್ಲವಂತೆ. ಇದನ್ನೆಲ್ಲ ಅವರು ನನಗೆ ಹೇಳುತ್ತಿರಲಿಲ್ಲ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಎಂಬತ್ತು ವರ್ಷ ತಾನು ಯಾರೆಂದು ತಿಳಿದಿದ್ದ ಹೆಂಗಸು ತನ್ನ ಅಡುಗೆಮನೆಯಲ್ಲೇ ದಾರಿ ತಪ್ಪಿ ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ. ಟೀ ಮಾಡಿದೆ, ನಮ್ಮ ಮನೆಯ ಹಾಗೆ ಹಾಲು, ಸಕ್ಕರೆ ಹಾಕಿ ಕುದಿಸಿ. ಒಂದು ಗುಟುಕು ಕುಡಿದು, ಅಷ್ಟಕ್ಕೆ ಪಾಪ ಕ್ಷಮಿಸು ಎಂದು ಯಾಕೆ ಬರೆದರು, ಒಂದು ಮಗುವನ್ನು ಉಳಿಸಿದರಲ್ಲ ಎಂದು ಕೇಳಿದರು.

ಅದನ್ನು ನಾನು ಇನ್ನೂ ಹೇಳಿರಲಿಲ್ಲ. ಆ ಪುಟದ ಕೊನೆಯ ಸಾಲುಗಳು. ‘ಗಾಡಿಯಲ್ಲಿ ಕೂಸು ಒಬ್ಬ ಹುಡುಗಿಯ ಮಡಿಲಲ್ಲಿ ಇತ್ತು. ಅಕ್ಕನೇ ಇರಬೇಕು, ಆರು ವರುಷದವಳು. ಇಬ್ಬರನ್ನೂ ಕೊಡು ಎಂದೆನು. ಇಬ್ಬರಿಗೆ ಎರಡು ಕುದುರೆ ಎಂದನು. ನನಗೆ ಒಂದೇ ಕುದುರೆ. ಅಕ್ಕನ ಕೈಯಿಂದ ಕೂಸನ್ನು ನಾನೇ ಬಿಡಿಸಿದೆನು.’ ಹೇಳಿದೆ. ಸಿಸ್ಟರ್ ಎಂದದ್ದಕ್ಕೆ, ದೊಡ್ಡವಳೋ ಚಿಕ್ಕವಳೋ ಎಂದು ಕೇಳಿದರು. ಕನ್ನಡದಲ್ಲಿ ಸುಮ್ಮನೆ ಸಿಸ್ಟರ್ ಎನ್ನುವಂತಿಲ್ಲ, ದೊಡ್ಡವಳಾದರೆ ಅಕ್ಕ ಎಂದೇ ಬರೆಯಬೇಕು ಎಂದೆ. ಅಕ್ಕ, ಎಂದು ಅವರು ಮೆಲ್ಲಗೆ ಹೇಳಿದರು. ಒಂದು ವರ್ಷ ಪಾದ್ರಿ ನಡೆದದ್ದು ವ್ರತಕ್ಕಲ್ಲ. ಕುದುರೆ ಇರಲಿಲ್ಲ, ಅದಕ್ಕೆ ನಡೆದರು. ಸುತ್ತಿನ ಪ್ರತಿ ಊರಿನಲ್ಲೂ ಆ ಹುಡುಗಿಯನ್ನು ಕೇಳುತ್ತಾ ನಡೆದರು. ಸಿಕ್ಕಲಿಲ್ಲ ಎಂದು ಹನ್ನೊಂದು ಕಡೆ ಬರೆದಿದ್ದರು. ಆ ಅಕ್ಕನಿಗೆ ಇಲ್ಲದ ಕಲ್ಲು ಅಜ್ಜನಿಗೂ ಬೇಡ ಎಂದು ಮಿಸೆಸ್ ಹಾರ್ಲೋ ಆಮೇಲೆ ಚರ್ಚಿನವರಿಗೆ ಹೇಳಿದರು.

ಇನ್ನು ಒಂದು ಸಾಲು ಉಳಿದಿತ್ತು. ‘ಗಾಡಿ ಹೊರಟಾಗ ಅಕ್ಕ ಕೂಗಿದಳು. ಒಂದೇ ಮಾತು, ಮತ್ತೆ ಮತ್ತೆ. ಕೂಸಿನ ಹೆಸರೇ ಇರಬೇಕು. ಇಂಗ್ಲಿಷಿನ ಅಕ್ಷರದಲ್ಲಿ ಅದು ಬರುವುದಿಲ್ಲ. ಹೀಗೆ ಇತ್ತು.’ ಅದರ ಕೆಳಗೆ ಮೂರು ಅಕ್ಷರ, ದೊಡ್ಡದಾಗಿ, ಶಾಯಿ ಒತ್ತಿ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ನನ್ನದಲ್ಲ. ನಡುವಿನ ಅಕ್ಷರ ದ ಎಂದಷ್ಟೇ ಹೇಳುತ್ತೇನೆ.

ಓದಿ, ಎಂದರು ಮಿಸೆಸ್ ಹಾರ್ಲೋ. ಆ ಹುಡುಗಿ ಕೂಗಿದ್ದು ದ ಇರಬಹುದು, ಡ ಇರಬಹುದು. ಅವಳ ಭಾಷೆ ನನಗೆ ಬರುವುದಿಲ್ಲ, ತಪ್ಪಾದರೆ ಅರ್ಥ ಕೆಟ್ಟು ತಿಳಿಯುವುದಕ್ಕೆ. ಬರೆದವರ ಕಿವಿಯನ್ನು ನಂಬುವಂತಿಲ್ಲ.

“ಯಾವುದು ಸರಿ?” ಎಂದು ಕೇಳಿದರು.

“ಗೊತ್ತಿಲ್ಲ ಮಿಸೆಸ್ ಹಾರ್ಲೋ. ನನಗೆ ಗೊತ್ತಿಲ್ಲ.”

ಹಾಗಾದರೆ ಎರಡನ್ನೂ ಹೇಳಿ ಎಂದರು. ಒಂದು ಸಲ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳಿದೆ, ಒಂದು ಸಲ ಅಂಗುಳಕ್ಕೆ ತಾಗಿಸಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಾಯಿಯ ಹೆಸರನ್ನು ತಾವೇ ಎರಡು ಸಲ ಹೇಳಿದರು. ನನ್ನ ಕಿವಿಗೆ ಎರಡಾಗಿದ್ದ ಹೆಸರು ಅವರ ಬಾಯಲ್ಲಿ ಎರಡು ಸಲವೂ ಒಂದೇ ಆಗಿ ಬಂತು. ನಾನು ತಿದ್ದಲಿಲ್ಲ.